ಹೆಣಿಗೆಗೆ ಬೇಕಾದ ಸಣ್ಣಪುಟ್ಟ ಸಾಮಾನುಗಳನ್ನೆಲ್ಲ ಕೊಳ್ಳಲೇಬೇಕೇ, ಮನೆಯಲ್ಲಿರುವುದರಲ್ಲೇ ನಿಭಾಯಿಸಬಹುದೇ?

ಕಡ್ಡಿ ಹಿಡಿದು ಎರಡು ತಿಂಗಳಾಯಿತು, ಕಡ್ಡಿಯ ಮೇಲೆ ಜಾಗ ಗುರುತಿಸುವ ಮಾರ್ಕರ್, ಸಾಲೆಣಿಸುವ ಕೌಂಟರ್, ಉಂಡೆ ಇಡುವ ಪಿಂಗಾಣಿ ಬಟ್ಟಲು, ಜಡೆಯಂಥ ವಿನ್ಯಾಸ ಹೆಣೆಯುವಾಗ ಕೆಲವು ಕುಣಿಕೆಗಳನ್ನು ಪಕ್ಕಕ್ಕಿಡುವ ಕೇಬಲ್ ಕಡ್ಡಿ, ಆಮೇಲೆ ಹೆಣೆಯಬೇಕಾದ ಕುಣಿಕೆಗಳನ್ನು ಹಿಡಿದಿಡುವ ಸ್ಟಿಚ್ ಹೋಲ್ಡರ್ ಇವೆಲ್ಲ ಸೇರಿ ಒಂದು ಸ್ವೆಟರಿನ ಬೆಲೆಯೇ ಆಗುತ್ತಿದೆ, ಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. ಮೂವತ್ತು ವರ್ಷದಿಂದ ಹೆಣೆಯುತ್ತಿದ್ದೇನೆ. ನಿಮ್ಮ ಪಟ್ಟಿಯಲ್ಲಿ ನಾನು ದುಡ್ಡು ಕೊಟ್ಟು ತಂದದ್ದು ಕೇಬಲ್ ಕಡ್ಡಿ ಒಂದೇ. ಅದೂ ಮೊದಲ ವಾರವೇ ಸೋಫಾದ ಸಂದಿಗೆ ಸೇರಿತು. ಅಂದಿನಿಂದ ತುರುಬಿಗೆ ಸಿಕ್ಕಿಸುವ ಯು ಪಿನ್ನೇ ನನ್ನ ಕೇಬಲ್ ಕಡ್ಡಿ. ಮೂರು ಕುಣಿಕೆಗಳನ್ನು ಅದರ ಮೇಲೇರಿಸಿ ಮುಂದಕ್ಕೆ ಬಿಟ್ಟರೆ ಜಾರುವುದಿಲ್ಲ, ಮತ್ತೆ ಬೇಕಾದಾಗ ತಲೆಯಲ್ಲೇ ಇರುತ್ತದೆ.

ಮಾರ್ಕರ್‌ಗೆ ಬೇರೆ ಬಣ್ಣದ ನೂಲಿನ ಸಣ್ಣ ಗಂಟುಬಳೆ ಸಾಕು, ಇಲ್ಲವೇ ಎಳನೀರು ಕುಡಿದ ಸ್ಟ್ರಾವನ್ನು ತೊಳೆದು ಚೂರು ಚೂರಾಗಿ ಕತ್ತರಿಸಿಕೊಳ್ಳಿ. ಹೋಲ್ಡರ್ ಎಂದರೆ ದೊಡ್ಡ ಸೇಫ್ಟಿ ಪಿನ್ನು, ಅಷ್ಟೇ. ಉಂಡೆ ಮನೆ ತುಂಬ ಉರುಳದಿರಲು ನಮ್ಮ ಮನೆಯಲ್ಲಿ ಹಿತ್ತಾಳೆಯ ಚೊಂಬಿದೆ. ತಳ ಭಾರ, ಬಾಯಿ ಕಿರಿದು, ಎಷ್ಟು ಎಳೆದರೂ ಮಗುಚುವುದಿಲ್ಲ. ಬೆವರಿಗೆ ನೂಲು ಕಡ್ಡಿಯ ಮೇಲೆ ಅಂಟುತ್ತಿದ್ದರೆ ಅಂಗೈಗೆ ಚಿಟಿಕೆ ಪೌಡರ್ ಸವರಿಕೊಳ್ಳಿ. ಹಳೆಯ ಕಾಲದವರು ಕಡ್ಡಿಯನ್ನು ಕೂದಲಲ್ಲಿ ಒಮ್ಮೆ ಓಡಿಸುತ್ತಿದ್ದರು, ಅದೂ ನಡೆಯುತ್ತದೆ. ಆದರೆ ಬೆಳಿಗ್ಗೆಯಷ್ಟೇ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದರೆ ಆ ಸಾಹಸಕ್ಕೆ ಹೋಗಬೇಡಿ. ಬಿಳಿ ನೂಲಿನ ಮೇಲೆ ಬಿದ್ದ ಜಿಡ್ಡು ಹೋಗಲಿಕ್ಕೆ ನನಗೆ ಮೂರು ಒಗೆತ ಬೇಕಾಯಿತು.

ಸಾಲು ಎಣಿಸುವುದಕ್ಕೆ ನಮ್ಮಮ್ಮನ ಬಳಿ ಎರಡು ಬಟ್ಟಲು, ಹತ್ತು ಹುಣಸೆಬೀಜ ಇದ್ದವು. ಸಾಲು ಮುಗಿದಂತೆ ಒಂದೊಂದೇ ಬೀಜ ಎಡದಿಂದ ಬಲಕ್ಕೆ. ಹತ್ತೂ ದಾಟಿದರೆ ಪಕ್ಕದಲ್ಲಿ ಒಂದು ಕವಡೆ. ಮಕ್ಕಳು ಬಂದು ಎರಡೂ ಬಟ್ಟಲು ಕಲಸಿಟ್ಟರೆ ಬಟ್ಟೆಯನ್ನೇ ಕೇಳಬೇಕು. ಎಲ್ಲ ಸಾಲೂ ಸೀದಾ ಹೆಣೆದ ಬಟ್ಟೆಯಲ್ಲಿ ಒಂದು ಏರು ಎಂದರೆ ಎರಡು ಸಾಲು. ಏರುಗಳನ್ನು ಉಗುರಿನಿಂದ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ.

ಕಡ್ಡಿಯ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳ ಮೇಲೆ ಬ್ರಿಟಿಷ್ ನಂಬರ್ ಇರುತ್ತದೆ, ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ನಮ್ಮ 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25. ಅಮೆರಿಕದ ಲೆಕ್ಕ ತದ್ವಿರುದ್ಧ, ಅಲ್ಲಿಯ 8 ಎಂದರೆ 5 ಮಿಲಿಮೀಟರ್. ಯೂಟ್ಯೂಬ್‌ನಲ್ಲಿ ಅಲ್ಲಿಯವರು 8 ಎಂದರೆಂದು ಇಲ್ಲಿಯ 8 ತಂದು ಹೆಣೆದವರ ಟೋಪಿ ತೆಂಗಿನಕಾಯಿಗೆ ಹಾಕುವಂತಾಗುತ್ತದೆ. ಮಿಲಿಮೀಟರ್ ಒಂದನ್ನೇ ನಂಬಿ. ನಂಬರ್ ಅಳಿಸಿಹೋದ ಕಡ್ಡಿಗಳಿಗೆ ಹಳೆಯ ಮದುವೆ ಕರೆಯೋಲೆ ತೆಗೆದುಕೊಂಡು, ಅಳತೆ ಗೊತ್ತಿರುವ ಕಡ್ಡಿಗಳಿಂದ ಸಾಲಾಗಿ ತೂತು ಚುಚ್ಚಿ, ಪಕ್ಕದಲ್ಲಿ ಅಳತೆ ಬರೆದಿಡಿ. ಅನಾಮಧೇಯ ಕಡ್ಡಿ ಯಾವ ತೂತಿನಲ್ಲಿ ಬಿಗಿಯಾಗಿ ಕೂರುತ್ತದೋ ಅದೇ ಅದರ ನಂಬರ್. ಸೈಕಲ್ ಚಕ್ರದ ಕಡ್ಡಿಯನ್ನು ಕಲ್ಲಿಗೆ ಉಜ್ಜಿ ಮೊನೆ ಮಾಡಿ ಹೆಣೆದವರು ನಮ್ಮ ಕಡೆ ಬೇಕಾದಷ್ಟು ಮಂದಿ. ಅದು ಸುಮಾರು 2 ಮಿಲಿಮೀಟರ್ ದಪ್ಪ, ಎಂದರೆ 14ನೇ ನಂಬರ್. ಮಗುವಿನ ಕಾಲುಚೀಲಕ್ಕೆ ಸರಿ, ಆದರೆ ಕಲಿಯುವವರಿಗೆ ಶಿಕ್ಷೆ. ಕಡ್ಡಿಗೆ ಮಾತ್ರ ಖರ್ಚು ಮಾಡಿ ಎನ್ನುತ್ತೇನೆ.

ಇನ್ನು ಮಾದರಿ ತುಂಡು, ಎಂದರೆ ಅಳತೆ ನೋಡಲು ಮೊದಲು ಹೆಣೆಯುವ ಸಣ್ಣ ಚೌಕ. ನೂಲು ಉಳಿಸುವ ನೆಪದಲ್ಲಿ ಇದನ್ನು ಬಿಟ್ಟವರೆಲ್ಲ ಆಮೇಲೆ ಇಡೀ ಸ್ವೆಟರನ್ನೇ ಬಿಚ್ಚುತ್ತಾರೆ, ನನ್ನನ್ನೂ ಸೇರಿಸಿ. ಹತ್ತು ಸೆಂಟಿಮೀಟರಿಗೆ 22 ಕುಣಿಕೆ ಬರಬೇಕು ಎಂದು ವಿನ್ಯಾಸದಲ್ಲಿದ್ದರೆ 90 ಸೆಂಟಿಮೀಟರ್ ಎದೆಸುತ್ತಿಗೆ 198 ಕುಣಿಕೆ. ನಿಮ್ಮ ಕೈ ಸಡಿಲವಾಗಿ 20 ಬಂದರೆ ಅದೇ 198 ಕುಣಿಕೆ 99 ಸೆಂಟಿಮೀಟರ್ ಆಗುತ್ತದೆ. ಎರಡೇ ಕುಣಿಕೆಯ ವ್ಯತ್ಯಾಸ, ಸ್ವೆಟರ್ ಅಣ್ಣನದು. ಟೇಪು ಸಿಗದಿದ್ದರೆ ಎ4 ಹಾಳೆ ಇದೆಯಲ್ಲ, ಅದರ ಅಗಲ 21 ಸೆಂಟಿಮೀಟರ್. ಚೀಲದಲ್ಲಿರುವ ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿಲಿಮೀಟರ್. ಮಾದರಿ ತುಂಡನ್ನು ಅಳೆದ ಮೇಲೆ ಎಸೆಯಬೇಡಿ, ಬಿಸಿ ಪಾತ್ರೆಯ ಕೆಳಗೂ ಇಡಬೇಡಿ, ಅಕ್ರಿಲಿಕ್ ಎಂಬ ಕೃತಕ ನೂಲಾದರೆ ಕರಗಿ ಅಂಟುತ್ತದೆ. ಬಿಚ್ಚಿ ಉಂಡೆಗೆ ಸುತ್ತಿ.

ಈ ಬಿಚ್ಚುವ ವಿದ್ಯೆಯನ್ನು ಯಾರೂ ಹೇಳಿಕೊಡುವುದಿಲ್ಲ, ನಿಜವಾದ ಉಳಿತಾಯ ಇರುವುದು ಇಲ್ಲೇ. ನೇಯ್ದ ಸೀರೆಯನ್ನು ಬಿಚ್ಚಿ ನೂಲು ಮಾಡಿಕೊಳ್ಳಲಾಗದು, ಹೆಣೆದ ಸ್ವೆಟರನ್ನು ಮಾಡಿಕೊಳ್ಳಬಹುದು. ಮನೆಯವರ ಹಳೆಯ ಕಂದು ಸ್ವೆಟರನ್ನು ಮೊದಲ ಸಲ ಬಿಚ್ಚಲು ಕೂತಾಗ ಕೆಳಗಿನ ಬಾರ್ಡರಿನಿಂದ ಆರಂಭಿಸಿದೆ. ಇಡೀ ಸಂಜೆ ಒಂದೊಂದು ಕುಣಿಕೆಯಲ್ಲೂ ನೂಲು ತೊಡರಿಕೊಂಡು ಎರಡು ಸಾಲೂ ಆಗಲಿಲ್ಲ. ಆಮೇಲೆ ಹೊಳೆಯಿತು: ಕೊನೆಗೆ ಹೆಣೆದದ್ದು ಮೊದಲು ಬಿಚ್ಚುತ್ತದೆ. ಸ್ವೆಟರನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಹೆಣೆದಿರುತ್ತಾರೆ, ಆದ್ದರಿಂದ ಮೊದಲು ಪಕ್ಕದ ಹೊಲಿಗೆಗಳನ್ನು ಬಿಡಿಸಿ, ಕುತ್ತಿಗೆಯ ಕಡೆಯ ಕೊನೆಯ ಗಂಟನ್ನು ಹುಡುಕಬೇಕು. ಅದು ಸಿಕ್ಕಿತೆಂದರೆ ಎಳೆದಷ್ಟೂ ಸರಸರ ಬರುತ್ತದೆ.

ಅಂಗಡಿಯ ಸ್ವೆಟರಾದರೆ ಕತ್ತರಿ ಹಾಕುವ ಮುಂಚೆ ಒಳಮೈ ತಿರುಗಿಸಿ ನೋಡಿ. ಪಕ್ಕದ ಅಂಚಿಗೆ ಬನಿಯನ್ನಿನಂತೆ ಓವರ್‌ಲಾಕ್ ಹೊಲಿಗೆ ಇದ್ದರೆ ಆಸೆ ಬಿಡಿ. ಅದನ್ನು ಥಾನಿನಿಂದ ಕತ್ತರಿಸಿ ಹೊಲಿದಿರುತ್ತಾರೆ, ಪ್ರತಿ ಸಾಲಿಗೂ ನೂಲು ತುಂಡಾಗಿರುತ್ತದೆ, ಬಿಚ್ಚಿದರೆ ಗೇಣುದ್ದದ ಚೂರುಗಳು. ಅಂಚು ಮಡಿಕೆಯಿಲ್ಲದೆ ಸರಪಳಿ ಹೊಲಿಗೆಯಲ್ಲಿ ಕೂಡಿಸಿದ್ದರೆ ಮಾತ್ರ ಕೈ ಹಾಕಿ.

ಬಿಚ್ಚಿದ ನೂಲು ಶ್ಯಾವಿಗೆಯಂತೆ ಗುಂಗುರಾಗಿರುತ್ತದೆ. ಹಾಗೆಯೇ ಹೆಣೆದರೆ ಬಟ್ಟೆ ಉಬ್ಬುತಗ್ಗಾಗುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಸಡಿಲವಾಗಿ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಬೇರೆ ನೂಲಿನಿಂದ ಕಟ್ಟಿ, ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಶಾಂಪೂ ಹಾಕಿ ಅರ್ಧ ಗಂಟೆ ನೆನೆಯಿಸಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ನೆರಳಲ್ಲಿ ನೇತುಹಾಕಿ ಕೆಳಗೆ ಒಂದು ಚಮಚವೋ ಸೌಟೋ ಭಾರಕ್ಕೆ ಸಿಕ್ಕಿಸಿದರೆ ಮಾರನೆಯ ದಿನಕ್ಕೆ ಗುಂಗುರು ಬಹುಮಟ್ಟಿಗೆ ಇಳಿದಿರುತ್ತದೆ.

ನಿಜವಾದ ಉಣ್ಣೆಯೋ ಅಲ್ಲವೋ ಎಂಬ ಅನುಮಾನವಿದ್ದರೆ ಅಂಗುಲದುದ್ದ ಚೂರನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪೇಟೆಯಲ್ಲಿ ಉಲ್ಲನ್ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುವುದು ಸಾಮಾನ್ಯವಾಗಿ ಎರಡನೆಯದು. ಅದು ಕೀಳೇನಲ್ಲ, ಹುಳ ತಿನ್ನುವುದಿಲ್ಲ, ಮೆಷಿನ್ನಿಗೂ ಹಾಕಬಹುದು. ಆದರೆ ಇಸ್ತ್ರಿಪೆಟ್ಟಿಗೆ ತಾಗಿಸಬಾರದು. ನನ್ನದೊಂದು ಮಫ್ಲರ್ ಹಾಗೆಯೇ ನೀರುದೋಸೆಯಂತೆ ಚಪ್ಪಟೆಯಾಯಿತು, ಮತ್ತೆ ಏಳಲಿಲ್ಲ. ಎರಡು ತುದಿಗಳನ್ನು ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿ ಗಂಟಿಲ್ಲದೆ ಬೆಸೆಯುವ ಉಪಾಯವೂ ಉಣ್ಣೆಗಷ್ಟೇ. ಅಕ್ರಿಲಿಕ್ಕನ್ನು ಎಷ್ಟು ಉಜ್ಜಿದರೂ ಅಂಗೈ ಬಿಸಿಯಾಗುತ್ತದೆ, ಅಷ್ಟೇ ಲಾಭ.

ಮಕ್ಕಳಿಗೆ ಹೆಣೆಯುವುದಾದರೆ ತೋಳನ್ನು ಬೇರೆ ಹೆಣೆದು ಹೊಲಿಯಬೇಡಿ. ಭುಜದ ಅಂಚಿನಿಂದಲೇ ಕುಣಿಕೆ ಎತ್ತಿಕೊಂಡು ಮಣಿಕಟ್ಟಿನ ಕಡೆಗೆ ಇಳಿಸಿ. ಕೊನೆಗೆ ಹೆಣೆದದ್ದು ಮಣಿಕಟ್ಟಿನ ಬಾರ್ಡರ್, ಬಿಚ್ಚಲು ಮೊದಲು ಸಿಗುವುದೂ ಅದೇ. ಮುಂದಿನ ಚಳಿಗೆ ಮಗುವಿನ ಕೈ ಉದ್ದವಾದಾಗ ಬಾರ್ಡರ್ ಬಿಚ್ಚಿ, ಕುಣಿಕೆಗಳನ್ನು ಕಡ್ಡಿಗೇರಿಸಿ, ನಾಲ್ಕು ಸೆಂಟಿಮೀಟರ್ ಸೇರಿಸಿ ಮತ್ತೆ ಬಾರ್ಡರ್ ಹಾಕಿದರೆ ಇನ್ನೊಂದು ವರ್ಷ. ಅದೇ ಬಣ್ಣ ಹುಡುಕಿ ಅಲೆಯಬೇಡಿ. ಹಳೆಯದು ಒಗೆದು ಮಾಸಿರುತ್ತದೆ, ಹೊಸದು ಕಣ್ಣಿಗೆ ಹೊಡೆಯುತ್ತದೆ. ಬೇಕೆಂದೇ ಬೇರೆ ಬಣ್ಣದ ಪಟ್ಟೆ ಹಾಕಿ, ವಿನ್ಯಾಸ ಎಂದುಕೊಳ್ಳುತ್ತಾರೆ. ಹೊಸ ನೂಲು ಕೊಳ್ಳುವಾಗಲೂ ಚೀಟಿಯ ಮೇಲಿನ ಲಾಟ್ ನಂಬರ್, ಎಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ಸಂಖ್ಯೆ, ಒಂದೇ ಇರುವ ಉಂಡೆಗಳನ್ನೇ ಒಟ್ಟಿಗೆ ತನ್ನಿ. ಸಿಗದಿದ್ದರೆ ಎರಡು ಸಾಲು ಇದು, ಎರಡು ಸಾಲು ಅದು ಎಂದು ಹೆಣೆದರೆ ಬಣ್ಣದ ಗೆರೆ ಎದ್ದು ಕಾಣುವುದಿಲ್ಲ.

ನೂಲು ಸಾಕಾಗುತ್ತದೆಯೇ ಎಂಬ ದಿಗಿಲಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಹತ್ತು ಸಾಲು ಹೆಣೆಯುವ ಮುಂಚೆ ಉಂಡೆಯನ್ನು ತೂಗಿ, ಆಮೇಲೆ ತೂಗಿ. ಏಳು ಗ್ರಾಂ ಇಳಿದಿದ್ದು ಇನ್ನು 35 ಗ್ರಾಂ ಉಳಿದಿದ್ದರೆ ಐವತ್ತು ಸಾಲು ಇದೆ ಎಂದಾಯಿತು. ಕೊನೆಯ ಸಾಲು ಮುಚ್ಚುವುದಕ್ಕೆ ಅಂಚಿನ ಅಗಲದ ನಾಲ್ಕರಷ್ಟು ನೂಲನ್ನು ಬೇರೆಯಾಗಿ ಎತ್ತಿಡಿ. ಮೂರರಷ್ಟಕ್ಕೇ ಆಗುತ್ತದೆ ಎಂಬ ಧೈರ್ಯದಲ್ಲಿ ನಾನೊಮ್ಮೆ ಸಿಕ್ಕಿಬಿದ್ದೆ. ಆ ಸ್ವೆಟರಿನ ಕುತ್ತಿಗೆಯ ಹಿಂಬದಿಯಲ್ಲಿ ಎರಡು ಅಂಗುಲ ಹಸಿರು ಇಂದಿಗೂ ಇದೆ. ಜಡೆ ಮುಚ್ಚಿಕೊಳ್ಳುತ್ತದೆ.