ಅಡಿಕೆಯ ಎಲೆಚುಕ್ಕಿ ಉಪಗ್ರಹಕ್ಕೆ ಕಾಣುತ್ತಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗದಿಂದ ಸೋತುಹೋಗಿದ್ದೇವೆ. ಹೈಪರ್‌ಸ್ಪೆಕ್ಟ್ರಲ್ ಉಪಗ್ರಹ ರೋಗವನ್ನು ಮೊದಲೇ ಹಿಡಿಯುತ್ತದೆ ಎಂದು ಓದಿದೆ. ನಮ್ಮ ತೋಟಕ್ಕೂ ಆಗುತ್ತಾ?

ಉತ್ತರ: ಇಂಥ ಮರಕ್ಕೆ ಎಲೆಚುಕ್ಕಿ ಬಂದಿದೆ ಎಂದು ಮೇಲಿನಿಂದ ಹೇಳಲು ಇವತ್ತಿಗೆ ಆಗುವುದಿಲ್ಲ. ನಿಮ್ಮ ಕಷ್ಟ ಗೊತ್ತಿದ್ದೂ ಸುಮ್ನೆ ಆಸೆ ಹುಟ್ಟಿಸಲಾರೆ.

ಮೊಬೈಲ್ ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲು ಮಾಡುತ್ತದೆ. ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ನೂರಾರು ಪಾಲು ಮಾಡುತ್ತದೆ. ಕಣ್ಣಿಗೆ ಕಾಣದ ಅವಗೆಂಪು ಬೆಳಕೂ ಅದರಲ್ಲಿ ಸೇರಿರುತ್ತದೆ. ಎಲೆ ಸೊರಗಲು ಶುರುವಾದರೆ, ಕೆಂಪು ಮುಗಿದು ಅವಗೆಂಪು ಶುರುವಾಗುವ ಕಡೆ, ಅಂದರೆ 700 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ, ಅದು ವಾಪಸ್ ಕಳಿಸುವ ಬೆಳಕು ಬದಲಾಗುತ್ತದೆ. ನಮಗೆ ಆಗಿನ್ನೂ ಹಸಿರಾಗಿಯೇ ಕಾಣಬಹುದು. ನೀವು ಓದಿದ್ದು ಇದನ್ನೇ, ಸುಳ್ಳಲ್ಲ.

ಆದರೆ ಬೆಳಕನ್ನು ಹಂಚಿದಷ್ಟೂ ಒಂದೊಂದು ಪಾಲಿಗೆ ಸಿಗುವುದು ಕಡಿಮೆ, ಅಲ್ವಾ? ಹಾಗಾಗಿ ಜಾಸ್ತಿ ನೆಲದ ಬೆಳಕನ್ನು ಒಟ್ಟಿಗೆ ಹಿಡಿಯಬೇಕು. ಇಸ್ರೋ 2018ರ ನವೆಂಬರ್‌ನಲ್ಲಿ ಹಾರಿಸಿದ ಹೈಸಿಸ್ ಉಪಗ್ರಹದ ಚಿತ್ರದಲ್ಲಿ ಒಂದು ಚೌಕ ಎಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಜಾಗ. 9 ಅಡಿ ಅಂತರದ ತೋಟದಲ್ಲಿ ಅಷ್ಟರಲ್ಲಿ ಸುಮಾರು 120 ಮರ! ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಫೈರ್‌ಫ್ಲೈ ಉಪಗ್ರಹಗಳು 2025ರ ಜನವರಿಯಲ್ಲಿ ಹೋದವು. ಅವುಗಳ ಚೌಕ 5 ಮೀಟರ್. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೂ ಒಂದು ಚೌಕದಲ್ಲಿ ಮೂರ್ನಾಲ್ಕು ಅಡಿಕೆ ಮರ, ಕಾಳುಮೆಣಸಿನ ಬಳ್ಳಿ, ಬಾಳೆ, ನೆರಳು ಎಲ್ಲ ಬೆರೆತಿರುತ್ತವೆ. ಎಲೆಚುಕ್ಕಿ ಶುರುವಾಗುವುದು ಕೆಳಗಿನ ಸೋಗೆಯಿಂದ, ಉಪಗ್ರಹ ನೋಡುವುದು ಮೇಲಿನ ಸೋಗೆಯನ್ನು. ರೋಗ ಹಬ್ಬುವ ಮಳೆಗಾಲದಲ್ಲಂತೂ ಮೋಡದಾಚೆಗೆ ಅದಕ್ಕೆ ಏನೂ ಕಾಣದು.

ಇದೇ ವಿದ್ಯೆ ಬೇರೆ ಕಡೆ ಚೆನ್ನಾಗಿ ಗೆದ್ದಿದೆ. ನಾಸಾ 2022ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದ ಎಮಿಟ್ ಉಪಕರಣ ತುರ್ಕಮೆನಿಸ್ತಾನದ ತೈಲ, ಅನಿಲ ಘಟಕಗಳಿಂದ ಸೋರುತ್ತಿದ್ದ ಮೀಥೇನನ್ನು ಹಿಡಿದು ತೋರಿಸಿತು. ಮೀಥೇನ್ ಬೆಳಕನ್ನು ಹೀರುವ ರೀತಿ ಬೆರಳಚ್ಚಿನ ಹಾಗೆ, ಬೇರೆಯದರ ಜೊತೆ ಸುಲಭಕ್ಕೆ ಬೆರೆಯದು. ಎಲೆಚುಕ್ಕಿಗೆ ಅಂಥ ಸ್ಪಷ್ಟ ಗುರುತಿಲ್ಲ. ನೀರು ಸಾಲದಿದ್ದರೂ ಗೊಬ್ಬರ ಸಾಲದಿದ್ದರೂ ಎಲೆ ಸೊರಗುತ್ತದೆ. ಉಪಗ್ರಹಕ್ಕೆ ಮೂರೂ ಹೆಚ್ಚುಕಡಿಮೆ ಒಂದೇ.

ಮಳೆ ನಿಂತ ಮೇಲೆ, ಇಡೀ ಊರಿನಲ್ಲಿ ಯಾವ ಭಾಗದ ತೋಟ ಸೊರಗಿದೆ ಎಂದು ನೋಡಲು ಈ ಚಿತ್ರ ಉಪಯೋಗಕ್ಕೆ ಬರಬಹುದು. ಅದನ್ನು ಸೊಸೈಟಿ ಮೂಲಕ ಎಲ್ಲರೂ ಸೇರಿ ಮಾಡಿಸುವುದು ಮೇಲು. ಮರಮರಕ್ಕೂ ರೋಗದ ರಿಪೋರ್ಟ್ ಕೊಡುತ್ತೇವೆ ಎಂದು ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಈಗ ಕೆಳಗಿನ ಸೋಗೆಗಳನ್ನು ನೋಡಿ. ಚುಕ್ಕಿ ಜಾಸ್ತಿ ಇದ್ದರೆ ಕತ್ತರಿಸಿ, ತೋಟದಿಂದ ಹೊರಗೆ ಒಯ್ದು ಸುಟ್ಟುಬಿಡಿ.