ಬೆನ್ನೆಲುಬೋ, ಕಷ್ಟಕ್ಕಾದ ನೆಂಟನೋ?

ನಮಸ್ಕಾರ. ಇಂಗ್ಲೆಂಡಿನ ಫಾಲಿ ತೈಲ ವಿದ್ಯುತ್ ಸ್ಥಾವರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಭಾಷೆಯೂ ಚೆನ್ನಾಗಿದೆ. ಆದರೆ ಎರಡು ಸಾಲು ಹಲ್ಲಿಗೆ ಸಿಕ್ಕ ಕಲ್ಲಿನಂತೆ ಕಾಡುತ್ತಿವೆ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: 'ಈ ಸ್ಥಾವರ ಗಂಟೆಗೆ 2,000 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸುತ್ತಿತ್ತು.' ಇಲ್ಲಿ 'ಗಂಟೆಗೆ' ಯಾಕೆ ಬಂತು? ಮೆಗಾವ್ಯಾಟ್ ಅಂದರೆ ಆ ಕ್ಷಣದ ತಾಕತ್ತು. 500 ಮೆಗಾವ್ಯಾಟಿನ ನಾಲ್ಕು ಘಟಕ, ಒಟ್ಟು 2,000. ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್; ನಾಲ್ಕೂ ಒಂದು ಗಂಟೆ ಪೂರ್ತಿ ಓಡಿದರೆ ಸಿಗುವುದು 20 ಲಕ್ಷ ಯೂನಿಟ್.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಬೈಯಲಿಲ್ಲ. 'ನಾಳೆ ಮನೆಯ ಕರೆಂಟ್ ಬಿಲ್ ತಗೊಂಡು ಬಾ' ಅಂದರು. ಮರುದಿನ ತಂದುಕೊಟ್ಟೆ. ಮಂಜೂರಾದ ಲೋಡ್ ಕಿಲೋವ್ಯಾಟಿನಲ್ಲಿತ್ತು, ಖರ್ಚಾದದ್ದು ಯೂನಿಟಿನಲ್ಲಿ. ಎರಡರ ಕೆಳಗೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಮಾತಾಡದೆ ವಾಪಸ್ ಕೊಟ್ಟರು. ಬಿಲ್ ಕಟ್ಟುವ ಕೌಂಟರಿನವನು 'ಇದೇನ್ರೀ ಗೀಚಿದ್ದೀರಿ?' ಅಂತ ಕೇಳಿದ. ಆಮೇಲೆ ಆ ತಪ್ಪು ಮಾಡಿಲ್ಲ.

ಎರಡನೆಯದು: 'ಫಾಲಿ ನಾಲ್ಕು ದಶಕ ಬ್ರಿಟನ್ನಿನ ವಿದ್ಯುತ್ ಜಾಲದ ಬೆನ್ನೆಲುಬಾಗಿತ್ತು.' ಇಲ್ಲಿ ಸಿಟ್ಟೇ ಬಂತು. ಮುಂದಿನ ಪುಟದಲ್ಲಿ ನೀವೇ 'ಬಹಳಷ್ಟು ದಿನ ಸುಮ್ನೆ ನಿಂತಿರುತ್ತಿತ್ತು' ಎಂದಿದ್ದೀರಿ. ಬೇಕಾದಾಗ ಬಂದು ಹೋಗುವ ಬೆನ್ನೆಲುಬು ಎಲ್ಲಾದರೂ ಇದೆಯಾ? ಎಣ್ಣೆ ಅಗ್ಗವಿದ್ದ ಕಾಲದಲ್ಲಿ ಯೋಜಿಸಿದ ಸ್ಥಾವರ ಅದು. ಪಕ್ಕದಲ್ಲೇ ರಿಫೈನರಿ, ಪೈಪಿನಲ್ಲೇ ಎಣ್ಣೆ. 1973-74ರಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು, ಲೆಕ್ಕ ತಲೆಕೆಳಗಾಯಿತು. ಕ್ರಮೇಣ ಅದು ಬೇಡಿಕೆ ಜಾಸ್ತಿಯಾದ ಹೊತ್ತಿಗೆ ಕರೆಸಿಕೊಳ್ಳುವ ಸ್ಥಾವರವಾಯಿತು.

ಅಂಥವುಗಳ ದೊಡ್ಡ ಕಾಲ 1984-85. ಕಲ್ಲಿದ್ದಲು ಗಣಿ ಕಾರ್ಮಿಕರು ಸುಮಾರು ಒಂದು ವರ್ಷ ಮುಷ್ಕರ ಹೂಡಿದಾಗ, ದುಬಾರಿಯಾದರೂ ಸರಿ ಎಂದು ತೈಲ ಸ್ಥಾವರಗಳನ್ನು ಜೋರಾಗಿ ಓಡಿಸಿದರು. ದೇಶ ಕತ್ತಲಾಗಲಿಲ್ಲ. ಇದಕ್ಕೆ ನೀವು ಕೊಟ್ಟಿದ್ದು ಒಂದೇ ಸಾಲು! 198 ಮೀಟರಿನ ಚಿಮಣಿಗೆ, ಅದನ್ನು 2021ರಲ್ಲಿ ಉರುಳಿಸಿದ್ದಕ್ಕೆ, ಮೂರು ಪ್ಯಾರಾ. ನೋಡಲು ಚೆಂದ ನಿಜ, ಆದರೆ ಕರೆಂಟ್ ಚಿಮಣಿಯಿಂದ ಬರುವುದಿಲ್ಲ, ಅಲ್ವಾ?

'ಬೆನ್ನೆಲುಬು' ಹೊಡೆದುಹಾಕಿ. ಕಷ್ಟಕ್ಕಾದ ನೆಂಟ ಅನ್ನಿ, ಇಲ್ಲವೇ ಏನೂ ಅನ್ನಬೇಡಿ. ಆ ಗಟ್ಟಿ ಎಣ್ಣೆಯನ್ನು ಬಿಸಿ ಮಾಡದೆ ಬರ್ನರಿಗೆ ಹಾಯಿಸಲು ಆಗುವುದಿಲ್ಲ ಎಂದು ಐದನೇ ಪುಟದಲ್ಲಿ ಬರೆದಿದ್ದೀರಲ್ಲ, ಲೇಖನ ಅಲ್ಲಿಂದ ಶುರುವಾಗಲಿ. ಚಿಮಣಿಗೆ ಒಂದು ಪ್ಯಾರಾ ಸಾಕು. ತಿದ್ದಿ ಕಳಿಸಿ.