ಲಡಾಖ್‌ಗೆ ಹೋದ ಮರುದಿನವೇ ಪ್ಯಾಂಗಾಂಗ್: ಆಗಬಹುದೇ?

ಪ್ರಶ್ನೆ: ಜೂನ್‌ನಲ್ಲಿ ಏಳು ದಿನ ಲಡಾಖ್‌ಗೆ ಹೊರಟಿದ್ದೇವೆ. ವಿಮಾನದಲ್ಲಿ ಲೇಹ್‌ಗೆ ಹೋಗಿ, ಮರುದಿನ ರಾತ್ರಿ ಪ್ಯಾಂಗಾಂಗ್ ಸರೋವರದ ದಡದಲ್ಲಿ ತಂಗಿ, ಬಳಿಕ ನುಬ್ರಾ ಕಣಿವೆಗೆ ಹೋಗುವುದು ಎಂದು ಏಜೆಂಟರು ಹೇಳಿದ್ದಾರೆ. ಅಪ್ಪ, ಅಮ್ಮ ಇಬ್ಬರೂ ಅರವತ್ತು ದಾಟಿದವರು. ಅಮ್ಮನಿಗೆ ಬಿ.ಪಿ. ಇದೆ. ಆಮ್ಲಜನಕದ ಕ್ಯಾನ್ ಒಯ್ದರೆ ಸಾಕೇ?

ಉತ್ತರ: ಸಾಲದು. ಕ್ಯಾನ್‌ನಲ್ಲಿರುವುದು ಕೆಲವೇ ನಿಮಿಷದ ಗಾಳಿ. ಕೈಯಲ್ಲಿದೆ ಎಂಬ ಧೈರ್ಯಕ್ಕಷ್ಟೇ ಅದು. ಮೊದಲು ಆ ಯೋಜನೆಯ ಎರಡನೇ ದಿನವನ್ನು ಹೊಡೆದುಹಾಕಿ.

ಲೇಹ್ ಇರುವುದೇ ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎನ್ನುತ್ತಾರೆ ವೈದ್ಯರು. ವಿಮಾನ ಹತ್ತಿದಾಗಲೇ ನೀವು ಈ ನಿಯಮ ಮುರಿದಾಯಿತು. ಮರುದಿನವೇ 4,200 ಮೀಟರ್ ಮೀರಿದ ಪ್ಯಾಂಗಾಂಗ್‌ನಲ್ಲಿ ಮಲಗುವುದು ದುಸ್ಸಾಹಸ. ಗಮನಿಸಿ, ಲೆಕ್ಕಕ್ಕೆ ಬರುವುದು ಮುಖ್ಯವಾಗಿ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದು. ನುಬ್ರಾಗೆ ಹೋಗುವಾಗ 5,359 ಮೀಟರ್ ಎತ್ತರದ ಖರ್ದುಂಗ್ ಲಾ ಎಂಬ ಘಟ್ಟ ದಾಟಬೇಕು, ನಿಜ. ಆದರೆ ಅಲ್ಲಿ ಹತ್ತು ನಿಮಿಷ ನಿಂತು ಇಳಿದರೆ, ತಂಗುವ ದಿಸ್ಕಿತ್ ಲೇಹ್‌ಗಿಂತಲೂ ತಗ್ಗಿನಲ್ಲಿದೆ.

ನಾನಾದರೆ ವಿಮಾನ ಇಳಿದವರೇ ನೇರ ಆಲ್ಚಿ ಎಂಬ ಹಳ್ಳಿಗೆ ಹೋಗುತ್ತಿದ್ದೆ. ಸಿಂಧೂ ನದಿಯ ಗುಂಟ ಇಳಿದಾರಿ, ಎತ್ತರ ಸುಮಾರು 3,100 ಮೀಟರ್. ನಿಮ್ಮು ಬಳಿ ಸಿಂಧೂ, ಜಂಸ್ಕಾರ್ ನದಿಗಳು ಕೂಡುವುದನ್ನು ಕಾರು ನಿಲ್ಲಿಸಿ ನೋಡಬಹುದು. ಆಲ್ಚಿಯ ಹಳೆಯ ಗೊಂಪಾದ (ಬೌದ್ಧ ಮಠದ) ಭಿತ್ತಿಚಿತ್ರಗಳು ಅವಸರದಲ್ಲಿ ನೋಡುವಂಥವಲ್ಲ. ಮೈ ಹೊಂದಿಕೊಳ್ಳುವವರೆಗೆ ಅವು ಒಳ್ಳೆಯ ನೆಪ. ಅಲ್ಲಿ ಎರಡು ರಾತ್ರಿ, ಲೇಹ್‌ನಲ್ಲಿ ಒಂದು, ನುಬ್ರಾದಲ್ಲಿ ಎರಡು, ಮರಳಿ ಲೇಹ್‌ನಲ್ಲಿ ಒಂದು. ಪ್ಯಾಂಗಾಂಗ್ ಬಿಟ್ಟುಹೋಯಿತೆಂದು ಮಕ್ಕಳು ಮುಖ ಊದಿಸಿಕೊಂಡಾರು. ಊದಿಸಿಕೊಳ್ಳಲಿ.

ಅಮ್ಮನ ವಿಷಯ. ಎತ್ತರದಲ್ಲಿ ಮೊದಲ ಕೆಲವು ದಿನ ರಕ್ತದೊತ್ತಡ ಏರುವುದುಂಟು. ಹೊರಡುವ ಕೆಲವು ವಾರ ಮೊದಲೇ ಅವರ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣ ಕೇಳಿಕೊಳ್ಳಿ. ನಡುವೆ ಮಾತ್ರೆ ತಪ್ಪಿಸಬೇಡಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೇ ಎಂಬುದನ್ನೂ ಅವರೇ ನಿರ್ಧರಿಸಲಿ. ಸಲ್ಫಾ ಔಷಧ ಒಗ್ಗದವರಿದ್ದರೆ ಮರೆಯದೆ ತಿಳಿಸಿ. ಮೊದಲ ದಿನಗಳಲ್ಲಿ ಮದ್ಯವೂ ನಿದ್ದೆಮಾತ್ರೆಯೂ ಬೇಡ.

ಸ್ವಲ್ಪ ತಲೆನೋವು, ಹಸಿವಿಲ್ಲದಿರುವುದು, ತುಂಡುನಿದ್ದೆ ಸಾಮಾನ್ಯ. ಅಂಥ ದಿನ ಇನ್ನೂ ಮೇಲೆ ಹೋಗದಿದ್ದರಾಯಿತು. ಸುಮ್ಮನೆ ಕುಳಿತಿದ್ದರೂ ಏದುಸಿರು ಬಂದರೆ, ಕೆಮ್ಮು ಬಿಡದಿದ್ದರೆ, ಮಾತು ತಡವರಿಸಿದರೆ ಅದು ಬೇರೆ ಮಾತು, ಅಪಾಯದ ಸೂಚನೆ. ಸಂಶಯ ಬಂದರೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲು ಹೇಳಿ. ತೂರಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಕೆಳಗಿಳಿಸಿ, ಆಸ್ಪತ್ರೆಗೆ ಸೇರಿಸಿ.

ಹೊರಗಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. ಹವಾಮಾನ ಕೆಟ್ಟರೆ ಲೇಹ್ ವಿಮಾನಗಳು ರದ್ದಾಗುತ್ತವೆ. ಆದ್ದರಿಂದ ದೆಹಲಿಯಿಂದ ಮುಂದಿನ ಟಿಕೆಟನ್ನು ಅದೇ ದಿನಕ್ಕೆ ಮಾಡಿಸಬೇಡಿ, ರಜೆಯನ್ನೂ ಒಂದು ದಿನ ಹೆಚ್ಚೇ ಕೇಳಿಡಿ.